ಟಿಪ್ಪಿಂಗ್ ಟ್ರೇಲರ್ ಅರ್ಧದಲ್ಲೇ ನಿಲ್ಲುತ್ತಿದೆಯೇ? ಬ್ಯಾಟರಿ ಬದಲಿಸುವ ಮೊದಲು ಇದನ್ನು ಓದಿ

ಲೋಡ್ ತುಂಬಿದ ಟ್ರೇಲರ್. ಗುಂಡಿ ಒತ್ತಿದರೆ ಮೋಟಾರ್ ನರಳುತ್ತದೆ, ತೊಟ್ಟಿ ಒಂದಡಿ ಮೇಲೇಳುತ್ತದೆ, ಅಲ್ಲೇ ನಿಲ್ಲುತ್ತದೆ. ಸುತ್ತ ನಿಂತವರೆಲ್ಲ ಹೇಳುವುದು ಒಂದೇ ಮಾತು: "ಬ್ಯಾಟರಿ ಹೋಯಿತು."

ನಂದಿಕೂರಿನಲ್ಲಿ ನಮ್ಮ ಪರಿಚಯದವರೊಬ್ಬರಿಗೆ ಹೀಗೇ ಆಯಿತು. ಹಳೆಯ ಟ್ರ್ಯಾಕ್ಟರ್‌ನಲ್ಲಿ ಕೆಂಪುಮಣ್ಣು, ಜಲ್ಲಿ ಸಾಗಿಸುವವರು. ಹದಿನೈದು ತಿಂಗಳಲ್ಲಿ ಎರಡು ಬ್ಯಾಟರಿ ಬದಲಿಸಿದರು. ಮೂರನೆಯದಕ್ಕೆ ದುಡ್ಡು ಹೊಂದಿಸುತ್ತಿದ್ದಾಗ ಮನೆಯಲ್ಲಿದ್ದ ಮಲ್ಟಿಮೀಟರ್ ಹಿಡಿದು ನಾನೂ ಅವರ ಅಂಗಳಕ್ಕೆ ಹೋದೆ. ನಾನು ಎಲೆಕ್ಟ್ರಿಷಿಯನ್ ಅಲ್ಲ, ಓದಿದ್ದು ಸಂವಹನ. ಆದರೆ ಮೀಟರ್‌ನ ಎರಡು ಕಡ್ಡಿ ಇಟ್ಟು ಅಂಕಿ ಓದಲು ಪದವಿ ಬೇಕಿಲ್ಲ. ಪಂಪ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 11.2 ವೋಲ್ಟ್ ಇತ್ತು. ಅದೇ ಹೊತ್ತಿಗೆ ಮೋಟಾರ್‌ನ ತುದಿಗಳಲ್ಲಿ 8.6 ವೋಲ್ಟ್. ನಡುವಿನ 2.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಬ್ಯಾಟರಿಯ ತಪ್ಪೇನೂ ಇರಲಿಲ್ಲ.

ಮೊದಲ ಪ್ರಶ್ನೆ: ಟ್ರೇಲರ್‌ಗೆ ಬ್ಯಾಟರಿ ಬೇಕೇ?

ನಿಮ್ಮ ಟ್ರ್ಯಾಕ್ಟರ್‌ನಲ್ಲಿ ಹೊರಗಿನ ಹೈಡ್ರಾಲಿಕ್ ಪೈಪ್ ಜೋಡಿಸುವ ವ್ಯವಸ್ಥೆ ಇದ್ದರೆ ಬೇಡ. ಎಂಜಿನ್‌ನ ಬಲದಿಂದಲೇ ತೊಟ್ಟಿ ಏಳುತ್ತದೆ. ಅದೇ ಅಗ್ಗ, ಅದೇ ಗಟ್ಟಿ. ಬ್ಯಾಟರಿಯ ಮಾತು ಬರುವುದು ಆ ಸೌಲಭ್ಯವಿಲ್ಲದ ಹಳೆಯ ಟ್ರ್ಯಾಕ್ಟರ್‌ಗಳಿಗೆ, ಜೀಪ್ ಅಥವಾ ಪಿಕಪ್‌ನ ಹಿಂದೆ ಎಳೆಯುವ ಟ್ರೇಲರ್‌ಗಳಿಗೆ. ಇವುಗಳಲ್ಲಿ ಮೋಟಾರ್, ಪಂಪ್, ಎಣ್ಣೆ ಟ್ಯಾಂಕ್ ಒಂದೇ ಕಡೆ ಇರುವ 'ಪವರ್ ಪ್ಯಾಕ್' ಇರುತ್ತದೆ. 12 ವೋಲ್ಟ್ ಬ್ಯಾಟರಿ ಆ ಮೋಟಾರನ್ನು ತಿರುಗಿಸುತ್ತದೆ, ಪಂಪ್ ಎಣ್ಣೆಯನ್ನು ಸಿಲಿಂಡರ್‌ಗೆ ನೂಕುತ್ತದೆ, ತೊಟ್ಟಿ ಏಳುತ್ತದೆ. ಹೆಚ್ಚಿನವುಗಳಲ್ಲಿ ಇಳಿಯುವುದು ತನ್ನ ಭಾರದಿಂದಲೇ. ಆಗ ಒಂದು ಸಣ್ಣ ವಾಲ್ವ್ ತೆರೆದರೆ ಸಾಕು, ಬ್ಯಾಟರಿಗೆ ಹೊರೆಯಿಲ್ಲ.

'ಬರೀ 12 ವೋಲ್ಟ್ ಅಲ್ವಾ' ಎಂಬ ತಪ್ಪು ಕಲ್ಪನೆ

ಇಡೀ ಸಮಸ್ಯೆಯ ಬೇರು ಇಲ್ಲಿದೆ. ಇಂಥ ಮೋಟಾರ್ ಸುಮಾರು 2 ಕಿಲೋವ್ಯಾಟ್‌ನದ್ದು. ಬಚ್ಚಲುಮನೆಯ ಗೀಸರ್ ಕೂಡ ಹೆಚ್ಚುಕಡಿಮೆ ಅಷ್ಟೇ. ಗೀಸರ್ 230 ವೋಲ್ಟ್‌ನಲ್ಲಿ 9 ಆಂಪಿಯರ್ ಎಳೆದರೆ, 12 ವೋಲ್ಟ್‌ನ ಮೋಟಾರ್ ಅದೇ ಕೆಲಸಕ್ಕೆ 180 ಆಂಪಿಯರ್‌ನಷ್ಟು ಎಳೆಯುತ್ತದೆ. ವೋಲ್ಟ್ ಕಡಿಮೆಯಾದಷ್ಟೂ ಆಂಪಿಯರ್ ಏರಲೇಬೇಕು, ಬೇರೆ ದಾರಿಯಿಲ್ಲ.

ಇದರ ತಲೆಕೆಳಗಾದ ಉದಾಹರಣೆ ನಂದಿಕೂರಿನ ಪಕ್ಕದಲ್ಲೇ ಇದೆ. ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ತಲಾ 600 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಅಲ್ಲಿಂದ ಹಾಸನದ ಕಡೆಗೆ ವಿದ್ಯುತ್ ಹೋಗುವುದು 400 ಕಿಲೋವೋಲ್ಟ್‌ನಲ್ಲಿ, ಅಂದರೆ 4 ಲಕ್ಷ ವೋಲ್ಟ್. ಒಂದು ಘಟಕದ ಪೂರ್ತಿ 600 ಮೆಗಾವ್ಯಾಟನ್ನು ಮೂರು ಫೇಸ್‌ನ ಒಂದೇ ಮಾರ್ಗದಲ್ಲಿ ಕಳಿಸಿದರೂ ಪ್ರತಿ ಫೇಸ್‌ನಲ್ಲಿ ಹರಿಯುವುದು ಸುಮಾರು 870 ಆಂಪಿಯರ್. ನಿಮ್ಮ ಟ್ರೇಲರ್‌ನ ಐದು ಪಟ್ಟು ಕೂಡ ಇಲ್ಲ! ಆದರೆ ಶಕ್ತಿ ಮೂರು ಲಕ್ಷ ಪಟ್ಟು. ತಂತಿಯಲ್ಲಿ ನಷ್ಟವಾಗುವುದು ಆಂಪಿಯರ್‌ನಿಂದ, ಅದೂ ಅದರ ವರ್ಗದ ಪ್ರಮಾಣದಲ್ಲಿ. ಆಂಪಿಯರ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಅದಕ್ಕೇ ಸ್ಥಾವರದವರು ವೋಲ್ಟ್ ಏರಿಸುತ್ತಾರೆ. ಟ್ರೇಲರ್‌ನಲ್ಲಿ ಅದು ಸಾಧ್ಯವಿಲ್ಲ. ಹಾಗಾಗಿ ತಂತಿಯನ್ನು ದಪ್ಪ ಮಾಡಬೇಕು, ಗಿಡ್ಡ ಮಾಡಬೇಕು.

ದೊಡ್ಡ ಬ್ಯಾಟರಿಯೇ ಒಳ್ಳೆಯದೇ?

ಲೆಕ್ಕ ಹಾಕೋಣ. ಒಂದು ಸಲ ಎತ್ತಲು 35 ಸೆಕೆಂಡ್ ಎಂದುಕೊಳ್ಳಿ. 180 ಆಂಪಿಯರ್ 35 ಸೆಕೆಂಡ್ ಹರಿದರೆ ಖರ್ಚಾಗುವುದು 1.75 ಆಂಪಿಯರ್-ಅವರ್. ದಿನಕ್ಕೆ ಹತ್ತು ಟ್ರಿಪ್ ಎಂದರೆ 17.5. ಇದು 100 ಆಂಪಿಯರ್-ಅವರ್ ಬ್ಯಾಟರಿಯ ಐದನೇ ಒಂದು ಭಾಗಕ್ಕಿಂತ ಕಡಿಮೆ. ಒಟ್ಟು ಶಕ್ತಿ ಇಲ್ಲಿ ದೊಡ್ಡ ವಿಷಯವೇ ಅಲ್ಲ, ಬೇಕಿರುವುದು ಸ್ವಲ್ಪ ಹೊತ್ತಿಗೆ ಭಾರಿ ಆಂಪಿಯರ್ ಕೊಡುವ ತಾಕತ್ತು.

ಬ್ಯಾಟರಿಯ ಮೇಲೆ '100 ಆಂಪಿಯರ್-ಅವರ್' ಎಂದು ಬರೆದಿರುವುದನ್ನು ಹಲವರು ತಪ್ಪಾಗಿ ಓದುತ್ತಾರೆ. ವಾಹನಗಳ ಬ್ಯಾಟರಿಯಲ್ಲಿ ಇದರ ಅರ್ಥ 5 ಆಂಪಿಯರ್‌ನಂತೆ 20 ಗಂಟೆ ಕೊಡಬಲ್ಲದು ಎಂದು. ಇದನ್ನೇ ಸಿ20 ಎನ್ನುವುದು. 180 ಆಂಪಿಯರ್ ಎಳೆದರೆ ಅದು ಲೆಕ್ಕದಂತೆ 33 ನಿಮಿಷ ಬಾರದು, ಸುಮಾರು ಕಾಲು ಗಂಟೆ ಬಂದರೆ ಹೆಚ್ಚು. ಲೆಡ್-ಆಸಿಡ್ ಬ್ಯಾಟರಿಯ ಈ ಗುಣವನ್ನು 1897ರಲ್ಲೇ ಜರ್ಮನಿಯ ಪ್ಯೂಕರ್ಟ್ ಎಂಬ ವಿಜ್ಞಾನಿ ಸೂತ್ರವಾಗಿ ಬರೆದಿಟ್ಟರು. ಹಾಗಿದ್ದರೂ ಹತ್ತು ಟ್ರಿಪ್‌ಗೆ ಒಟ್ಟು ಓಟ ಆರು ನಿಮಿಷ. ನಡುನಡುವೆ ವಿರಾಮ ಸಿಕ್ಕಾಗ ಬ್ಯಾಟರಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ ಕೂಡ.

ಇಲ್ಲಿಯೇ ಜನ ಎಡವುವುದು. "ಮನೆಯ ಇನ್ವರ್ಟರ್‌ನ 150ರ ಟ್ಯೂಬುಲರ್ ಬ್ಯಾಟರಿ ಇದೆಯಲ್ಲ, ಅದನ್ನೇ ಹಾಕೋಣ" ಎನ್ನುತ್ತಾರೆ. ಅಂಕಿ ದೊಡ್ಡದು, ನಿಜ. ಆದರೆ ಟ್ಯೂಬುಲರ್ ಬ್ಯಾಟರಿಯನ್ನು ಮಾಡಿರುವುದು ಕರೆಂಟ್ ಹೋದಾಗ ಫ್ಯಾನು, ಲೈಟನ್ನು ಗಂಟೆಗಟ್ಟಲೆ ನಿಧಾನವಾಗಿ ಓಡಿಸಲು. ಹಠಾತ್ತನೆ ದೊಡ್ಡ ಆಂಪಿಯರ್ ಕೇಳಿದರೆ ಅದರ ವೋಲ್ಟೇಜ್ ಹೆಚ್ಚು ಕುಸಿಯುತ್ತದೆ. ಮೇಲಾಗಿ 50 ಕೆಜಿಗೂ ಹೆಚ್ಚು ಭಾರ, ಎತ್ತರದ ಡಬ್ಬ. ಗುಂಡಿ ಬಿದ್ದ ಮಣ್ಣುರಸ್ತೆಯಲ್ಲಿ ಕುಲುಕಾಟಕ್ಕೆ ಆಸಿಡ್ ಚೆಲ್ಲುತ್ತದೆ. ಇನ್ನೊಂದು ತುದಿಯಲ್ಲಿ ಸಣ್ಣ ಕಾರಿನ 35ರ ಬ್ಯಾಟರಿ. ಅದು ಆಂಪಿಯರ್ ಕೊಡುತ್ತದೆ, ಆದರೆ ಅದರ ತೆಳು ಪ್ಲೇಟ್‌ಗಳು ದಿನವೂ ಅರ್ಧ ಖಾಲಿಯಾಗುವುದನ್ನು ತಾಳಲಾರವು, ಕೆಲವೇ ತಿಂಗಳಲ್ಲಿ ಸೋಲುತ್ತವೆ.

ನನ್ನ ಅಭಿಪ್ರಾಯದಲ್ಲಿ ಇಲ್ಲಿಗೆ ಸರಿಹೊಂದುವುದು ಟ್ರ್ಯಾಕ್ಟರ್ ಅಥವಾ ಲಾರಿಗೆಂದೇ ಮಾಡಿದ 90ರಿಂದ 110 ಆಂಪಿಯರ್-ಅವರ್‌ನ ಬ್ಯಾಟರಿ. ದುಡ್ಡು ಹೆಚ್ಚಿದ್ದರೆ ಅದೇ ಗಾತ್ರದ, ಆಸಿಡ್ ಚೆಲ್ಲದ ಎಜಿಎಂ ಬ್ಯಾಟರಿ. ಕೊಳ್ಳುವಾಗ ತಯಾರಾದ ತಿಂಗಳನ್ನು ನೋಡಿ. ಅಂಗಡಿಯಲ್ಲಿ ವರ್ಷ ಕೂತ 'ಹೊಸ' ಬ್ಯಾಟರಿ ಹೊಸದಲ್ಲ.

ಲಿಥಿಯಂ? ಹಗುರ, ಹೆಚ್ಚು ಕಾಲ ಬರುತ್ತದೆ. ಆದರೆ ಅದರೊಳಗೆ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರುತ್ತದೆ. 100 ಆಂಪಿಯರ್-ಅವರ್‌ನ ಹಲವು ಲಿಥಿಯಂ ಬ್ಯಾಟರಿಗಳಲ್ಲಿ ಅದರ ಮಿತಿ 100 ಆಂಪಿಯರ್. 180 ಕೇಳಿದ ಕೂಡಲೇ ಅದು ಸ್ವಿಚ್ ಆಫ್ ಮಾಡಿಬಿಡುತ್ತದೆ. 'ನಿರಂತರವಾಗಿ 200 ಆಂಪಿಯರ್' ಎಂದು ಬರೆದಿದ್ದರೆ ಮಾತ್ರ ಯೋಚಿಸಿ. ಅದನ್ನು ಟ್ರ್ಯಾಕ್ಟರ್‌ನ ಆಲ್ಟರ್ನೇಟರ್‌ಗೆ ನೇರವಾಗಿ ಜೋಡಿಸುವಂತೆಯೂ ಇಲ್ಲ, ಯಾಕೆಂದರೆ ಲಿಥಿಯಂ ಸಿಕ್ಕಷ್ಟನ್ನೂ ಎಳೆದುಕೊಂಡು ಆಲ್ಟರ್ನೇಟರನ್ನೇ ಸುಡಬಲ್ಲದು.

ಕೇಬಲ್: ದುಡ್ಡು ಉಳಿಸಬಾರದ ಜಾಗ

ಬ್ಯಾಟರಿ ಎಲ್ಲಿರಬೇಕು? ಟ್ರೇಲರ್‌ನ ಮೇಲೆ, ಪಂಪ್‌ನ ಪಕ್ಕದಲ್ಲೇ. "ಟ್ರ್ಯಾಕ್ಟರ್‌ನಲ್ಲಿ ಬ್ಯಾಟರಿ ಇದೆ, ಅಲ್ಲಿಂದಲೇ ವೈರ್ ಎಳೆದರಾಯಿತು" ಎಂಬ ಯೋಚನೆ ಯಾಕೆ ಕೈಕೊಡುತ್ತದೆ ನೋಡಿ. ತಾಮ್ರದ ತಂತಿ 1 ಚದರ ಮಿಲಿಮೀಟರ್ ದಪ್ಪವಿದ್ದರೆ ಮೀಟರಿಗೆ 0.0172 ಓಮ್ ತಡೆ ಒಡ್ಡುತ್ತದೆ. ಬ್ಯಾಟರಿಯಿಂದ ಪಂಪ್‌ಗೆ 6 ಮೀಟರ್ ದೂರವಿದ್ದರೆ ಹೋಗಿಬರುವ ದಾರಿ 12 ಮೀಟರ್. 25 ಚದರ ಮಿ.ಮೀ. ಕೇಬಲ್ ಹಾಕಿದರೂ 180 ಆಂಪಿಯರ್‌ಗೆ ಸುಮಾರು 1.5 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಅಂದರೆ 270 ವ್ಯಾಟ್ ಶಾಖ! ಮನೆ ವೈರಿಂಗ್‌ನ 4 ಚದರ ಮಿ.ಮೀ. ತಂತಿ ಹಾಕಿದರೆ ಲೆಕ್ಕದ ಪ್ರಕಾರ 9 ವೋಲ್ಟ್‌ಗೂ ಹೆಚ್ಚು ಹೋಗಬೇಕು. ಅಂದರೆ ಮೋಟಾರ್ ತಿರುಗುವುದಿಲ್ಲ, ತಂತಿ ಕರಗುತ್ತದೆ. ಅದೇ ಬ್ಯಾಟರಿಯನ್ನು ಪಂಪ್‌ನಿಂದ ಒಂದೂವರೆ ಮೀಟರ್ ದೂರದಲ್ಲಿಟ್ಟು 35 ಚದರ ಮಿ.ಮೀ. ಕೇಬಲ್ ಹಾಕಿದರೆ ನಷ್ಟ ಕಾಲು ವೋಲ್ಟ್‌ನ ಆಸುಪಾಸು.

"ಸ್ವಲ್ಪ ವೋಲ್ಟ್ ಕಮ್ಮಿಯಾದರೆ ನಿಧಾನವಾಗಿ ಎತ್ತುತ್ತದೆ, ಅಷ್ಟೇ ತಾನೇ?" ಎಂದು ಕೇಳಬಹುದು. ಅಷ್ಟೇ ಅಲ್ಲ. ಎತ್ತುವ ಭಾರ ಅದೇ ಇರುವುದರಿಂದ ಮೋಟಾರ್ ಎಳೆಯುವ ಆಂಪಿಯರ್ ಕಡಿಮೆಯಾಗುವುದಿಲ್ಲ, ವೇಗ ಮಾತ್ರ ಇಳಿಯುತ್ತದೆ. 35 ಸೆಕೆಂಡ್‌ನ ಕೆಲಸಕ್ಕೆ 60 ಸೆಕೆಂಡ್ ಬೇಕಾಗುತ್ತದೆ. ಮೋಟಾರ್ ಬಿಸಿಯಾಗುತ್ತದೆ, ಪ್ರತಿ ಟ್ರಿಪ್‌ಗೂ ಬ್ಯಾಟರಿ ಹೆಚ್ಚು ಖಾಲಿಯಾಗುತ್ತದೆ. ಹೀಗೆ ವೈರ್‌ನ ದೋಷ ನಿಧಾನವಾಗಿ ಬ್ಯಾಟರಿಯನ್ನೇ ಕೊಲ್ಲುತ್ತದೆ. ಆಮೇಲೆ ಬ್ಯಾಟರಿ ಪರೀಕ್ಷಿಸಿದವರು "ಹೋಗಿದೆ" ಎಂದಾಗ ಅದು ಸುಳ್ಳಲ್ಲ. ಆದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಅಂಗಡಿಯಲ್ಲಿ ವೆಲ್ಡಿಂಗ್ ಕೇಬಲ್ ಕೇಳಿದರೆ ತಪ್ಪಿಲ್ಲ, ನೂರಾರು ಸಣ್ಣ ಎಳೆಗಳಿರುವುದರಿಂದ ಚೆನ್ನಾಗಿ ಬಾಗುತ್ತದೆ. ಆದರೆ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಇರಬಹುದು. ಅಲ್ಯೂಮಿನಿಯಂನ ತಡೆ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು, ಉಪ್ಪುಗಾಳಿಗೆ ಜಾಯಿಂಟ್ ಬೇಗ ಕೆಡುತ್ತದೆ. ತವರದ ಲೇಪವಿರುವ ತಾಮ್ರವೂ ಬೆಳ್ಳಗೇ ಕಾಣುತ್ತದೆ, ಆದರೆ ಕೆರೆದಾಗ ಒಳಗೆ ಕೆಂಪು ಬರುತ್ತದೆ. ನಮ್ಮ ಕರಾವಳಿಗೆ ಅದೇ ಅತ್ಯುತ್ತಮ.

ಇನ್ನು ನೆಗೆಟಿವ್ ದಾರಿ. ಪರಿಚಯದವರ ಟ್ರೇಲರ್‌ನಲ್ಲಿ ತಪ್ಪಿದ್ದದ್ದು ಇಲ್ಲಿಯೇ. ಬ್ಯಾಟರಿಯ ನೆಗೆಟಿವನ್ನು ಚಾಸಿಗೆ ಬೋಲ್ಟ್ ಮಾಡಿದ್ದರು, ಮೋಟಾರ್‌ನ ನೆಗೆಟಿವನ್ನೂ ಚಾಸಿಗೇ. ಬೋಲ್ಟ್ ಕೂತಿದ್ದದ್ದು ಪೇಂಟ್‌ನ ಮೇಲೆ, ಪೇಂಟ್‌ನ ಕೆಳಗೆ ತುಕ್ಕು. ಪಾಸಿಟಿವ್ ಕಡೆ ನಷ್ಟವಾಗುತ್ತಿದ್ದದ್ದು 0.5 ವೋಲ್ಟ್, ನೆಗೆಟಿವ್ ಕಡೆ 2.1 ವೋಲ್ಟ್. ಬ್ಯಾಟರಿಯಿಂದ ಮೋಟಾರ್‌ಗೆ ನೇರವಾಗಿ ಒಂದು ದಪ್ಪ ನೆಗೆಟಿವ್ ಕೇಬಲ್ ಎಳೆದ ಮೇಲೆ ಮೋಟಾರ್‌ಗೆ 10.6 ವೋಲ್ಟ್ ಸಿಕ್ಕಿತು. ಎರಡನೇ ಬ್ಯಾಟರಿಯೇ ಈಗಲೂ ಓಡುತ್ತಿದೆ. ಮೊದಲನೆಯದನ್ನು ಗುಜರಿಗೆ ಹಾಕಿದ್ದರು. ಅದೂ ಚೆನ್ನಾಗಿಯೇ ಇತ್ತೇನೋ!

ನೀವೇ ಪರೀಕ್ಷಿಸುವುದು ಹೇಗೆ?

ತೊಟ್ಟಿಯಲ್ಲಿ ಲೋಡ್ ಇರಲಿ, ಗುಂಡಿ ಒತ್ತಲು ಒಬ್ಬರು ಬದಿಯಲ್ಲಿ ನಿಲ್ಲಲಿ, ತೊಟ್ಟಿಯ ಕೆಳಗೆ ಯಾರೂ ಇರಬಾರದು. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಪಂಪ್ ಓಡುತ್ತಿರುವಾಗ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ ಮುಟ್ಟಿಸಿ. ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ. ಇನ್ನೊಂದನ್ನು ಮೋಟಾರ್‌ನ ಪಾಸಿಟಿವ್ ಬೋಲ್ಟಿಗೆ. ಮೀಟರ್ ತೋರಿಸುವುದೇ ಆ ದಾರಿಯ ನಷ್ಟ. ನೆಗೆಟಿವ್ ಕಡೆಯೂ ಹೀಗೆಯೇ. ಎರಡೂ ಸೇರಿ ಅರ್ಧ ವೋಲ್ಟ್‌ನೊಳಗೆ ಇದ್ದರೆ ವೈರಿಂಗ್ ಸರಿಯಿದೆ. ಒಂದು ವೋಲ್ಟ್ ದಾಟಿದರೆ ಜಾಯಿಂಟ್‌ಗಳನ್ನು ಹುಡುಕಿ. ಬೆಚ್ಚಗಾಗುವ ಜಾಯಿಂಟೇ ಸಾಮಾನ್ಯವಾಗಿ ಕಳ್ಳ.

ವೈರಿಂಗ್ ಸರಿಯಿದ್ದೂ ಬ್ಯಾಟರಿಯ ತುದಿಗಳಲ್ಲೇ ವೋಲ್ಟ್ 10ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಆಗ ಬ್ಯಾಟರಿಯನ್ನು ಅನುಮಾನಿಸಿ. ಅದಕ್ಕೂ ಮೊದಲು ಅದು ಪೂರ್ತಿ ಚಾರ್ಜ್ ಆಗಿತ್ತೇ ನೋಡಬೇಕು. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 11.9 ಎಂದರೆ ಖಾಲಿ.

ಚಾರ್ಜ್ ಮಾಡುವ ತೆಳು ವೈರ್‌ನ ತಂಟೆ

ಟ್ರೇಲರ್‌ನ ಬ್ಯಾಟರಿಗೆ ಟ್ರ್ಯಾಕ್ಟರ್‌ನಿಂದ ಚಾರ್ಜ್ ಮಾಡಲು ತೆಳು ವೈರ್ ಸಾಕು, ಯಾಕೆಂದರೆ ಹರಿಯುವುದು 10 ಆಂಪಿಯರ್ ಅಷ್ಟೇ ಎಂದು ಹಲವರು ತಿಳಿಯುತ್ತಾರೆ. ಅರ್ಧ ನಿಜ. 2.5 ಚದರ ಮಿ.ಮೀ. ತಂತಿ 12 ಮೀಟರ್ ಇದ್ದರೆ 10 ಆಂಪಿಯರ್‌ಗೆ 0.8 ವೋಲ್ಟ್ ನಷ್ಟ. ಆಲ್ಟರ್ನೇಟರ್‌ನ 14.2 ವೋಲ್ಟ್ ಟ್ರೇಲರ್ ತಲುಪುವಾಗ 13.4 ಆಗುತ್ತದೆ. ಚಾರ್ಜ್ ಆಗುತ್ತದೆ, ಆದರೆ ನಿಧಾನ. ಇದನ್ನು ಸಹಿಸಬಹುದು. ನಿಜವಾದ ತೊಂದರೆ ಪಂಪ್ ಓಡುವಾಗ. ಟ್ರೇಲರ್‌ನ ಬ್ಯಾಟರಿ 10.5 ವೋಲ್ಟ್‌ಗೆ ಕುಸಿದಾಗ ಟ್ರ್ಯಾಕ್ಟರ್ ಕಡೆ ಇನ್ನೂ 14 ಇರುತ್ತದೆ. ಆ ಅಂತರ ಆ ತೆಳು ವೈರ್‌ನಲ್ಲಿ 40 ಆಂಪಿಯರ್‌ಗೂ ಹೆಚ್ಚು ನೂಕುತ್ತದೆ. ಹಲವು ಟ್ರ್ಯಾಕ್ಟರ್‌ಗಳ ಆಲ್ಟರ್ನೇಟರ್ ಸಾಮರ್ಥ್ಯವೇ 36 ಆಂಪಿಯರ್! ಫ್ಯೂಸ್ ಇದ್ದರೆ ಸುಡುತ್ತದೆ, ಇಲ್ಲದಿದ್ದರೆ ವೈರ್ ಸುಡುತ್ತದೆ. "ಫ್ಯೂಸ್ ಪದೇ ಪದೇ ಹೋಗುತ್ತೆ, ಅದಕ್ಕೇ ತೆಗೆದುಬಿಟ್ಟೆ" ಎನ್ನುವವರನ್ನು ನಾನೇ ಕಂಡಿದ್ದೇನೆ.

ಸರಿಯಾದ ದಾರಿ ಎರಡು. ಪಂಪ್ ಓಡುವಾಗ ಚಾರ್ಜಿಂಗ್ ವೈರನ್ನು ತಾನಾಗಿ ಕಡಿಯುವ ರಿಲೇ ಹಾಕಿಸುವುದು. ಅಥವಾ ಟ್ರೇಲರ್‌ನಲ್ಲಿ ಡಿಸಿ-ಡಿಸಿ ಚಾರ್ಜರ್ ಕೂರಿಸುವುದು. ಅದು ಆಂಪಿಯರನ್ನೂ ಮಿತಿಯಲ್ಲಿಡುತ್ತದೆ, ದಾರಿಯಲ್ಲಿ ಕಳೆದ ವೋಲ್ಟನ್ನೂ ಮತ್ತೆ ಏರಿಸಿ ಕೊಡುತ್ತದೆ. ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ವೈರ್‌ನ ಎರಡೂ ತುದಿಗೆ ಫ್ಯೂಸ್ ಬೇಕು.

ಆದರೆ ದಿನಕ್ಕೆ ಹತ್ತರೊಳಗೆ ಟ್ರಿಪ್ ಮಾಡುವವರಿಗೆ ನನ್ನ ಸಲಹೆ ಇನ್ನೂ ಸರಳ. ಟ್ರ್ಯಾಕ್ಟರ್‌ನಿಂದ ವೈರ್ ಎಳೆಯಲೇಬೇಡಿ. ರಾತ್ರಿ ಮನೆಯಲ್ಲಿ 10 ಆಂಪಿಯರ್‌ನ, ತುಂಬಿದ ಮೇಲೆ ತಾನೇ ನಿಲ್ಲುವ ಚಾರ್ಜರ್‌ಗೆ ಹಾಕಿ. ದಿನದ 17.5 ಆಂಪಿಯರ್-ಅವರ್ ಬೆಳಗಾಗುವುದರೊಳಗೆ ತುಂಬಿರುತ್ತದೆ. ಸೋಲಾರ್ ಪ್ಯಾನೆಲ್ ಬೇಸಿಗೆಯಲ್ಲಿ ಒಳ್ಳೆಯ ಸಹಾಯಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಡುಪಿಯ ಆಕಾಶವನ್ನು ನಂಬಿ ಕೂರಬೇಡಿ.

ಮುಖ್ಯ ಫ್ಯೂಸ್, ಸ್ವಿಚ್ ಮತ್ತು ಜೀವ

12 ವೋಲ್ಟ್ ಒಣಗಿದ ಕೈಗೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಎರಡು ಕಂಬಗಳ ನಡುವೆ ಸ್ಪ್ಯಾನರ್ ಬಿದ್ದರೆ ಒಳ್ಳೆಯ ಬ್ಯಾಟರಿಯಿಂದ ಸಾವಿರಾರು ಆಂಪಿಯರ್ ಹರಿಯಬಹುದು. ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಬೆರಳಲ್ಲಿ ಉಂಗುರವಿದ್ದು ಅದು ನಡುವೆ ಸಿಕ್ಕಿದರೆ ಬೆರಳೇ ಸುಡುತ್ತದೆ. ಕೆಲಸಕ್ಕೆ ಮೊದಲು ಉಂಗುರ, ವಾಚ್ ತೆಗೆಯಿರಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇ. 4 ದಾಟಿದರೆ ಒಂದು ಕಿಡಿಗೆ ಸ್ಫೋಟಿಸಬಲ್ಲದು. ಹಾಗಾಗಿ ಬ್ಯಾಟರಿ ಪೆಟ್ಟಿಗೆಗೆ ಗಾಳಿಕಿಂಡಿ ಬೇಕು, ಮುಚ್ಚಳ ತೆಗೆದು ಬೀಡಿ ಹಚ್ಚಿ ನೋಡುವುದು ಬೇಡ.

ಪಾಸಿಟಿವ್ ಕೇಬಲ್‌ಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ದೊಡ್ಡ ಫ್ಯೂಸ್ ಇರಲಿ. 35 ಚದರ ಮಿ.ಮೀ. ಕೇಬಲ್‌ಗೆ 200ರಿಂದ 250 ಆಂಪಿಯರ್‌ನದ್ದು, ಪಂಪ್ ತಯಾರಕರು ಬೇರೆ ಅಂಕಿ ಹೇಳಿದ್ದರೆ ಅದೇ. ಜೊತೆಗೆ ಕೈಗೆ ತಕ್ಷಣ ಸಿಗುವ ಒಂದು ಐಸೊಲೇಟರ್ ಸ್ವಿಚ್. ಇದು ಯಾಕೆ ಎಂದರೆ, ಬ್ಯಾಟರಿ ಸೋತಾಗ ಪಂಪ್‌ನ ಸೊಲೆನಾಯ್ಡ್ ಗಟ್ಟಿಯಾಗಿ ಅಂಟದೆ ಟಕಟಕ ಬಡಿಯುತ್ತದೆ. ಆಗ ಏಳುವ ಕಿಡಿಗೆ ಅದರ ಒಳಗಿನ ತಾಮ್ರ ಬೆಸೆದುಕೊಳ್ಳಬಹುದು. ಆಮೇಲೆ ಗುಂಡಿ ಬಿಟ್ಟರೂ ಪಂಪ್ ನಿಲ್ಲುವುದಿಲ್ಲ.

ಎತ್ತಿದ ತೊಟ್ಟಿಯ ಕೆಳಗೆ ಕೈ ಹಾಕುವ ಮುನ್ನ ಕಬ್ಬಿಣದ ಊರುಗೋಲು ಕೊಡಿ. ಬ್ಯಾಟರಿ, ಪಂಪ್ ಎರಡೂ ಸರಿಯಿದ್ದರೂ ಒಂದು ಪೈಪ್ ಒಡೆದರೆ ತೊಟ್ಟಿ ಕ್ಷಣದಲ್ಲಿ ಬೀಳುತ್ತದೆ. ಲೋಡ್ ಸುರಿಯುವ ಮೊದಲು ತಲೆ ಎತ್ತಿ ನೋಡಿ. ತೋಟದ ಅಂಚಿನಲ್ಲಿ, ಮನೆಯ ಅಂಗಳದ ಮೇಲೆ ಹಾದುಹೋದ ಲೈನಿಗೆ ಎತ್ತಿದ ತೊಟ್ಟಿ ತಾಗಿದರೆ ಟ್ರೇಲರನ್ನು ಮುಟ್ಟಿ ನಿಂತವರು ಉಳಿಯುವುದು ಕಷ್ಟ.

ನೀರಿನ ಬಗ್ಗೆ ಕೇಳಿಬರುವ ಮಾತುಗಳು

"ಬಾವಿ ನೀರು ಶುದ್ಧ, ಹಾಕಬಹುದು." ಬೇಡ. ಮುರಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಇರುವುದು ಸಾಮಾನ್ಯ. ಕಬ್ಬಿಣ ಒಳಗೆ ಹೋದರೆ ಬ್ಯಾಟರಿ ಸುಮ್ಮನಿದ್ದಾಗಲೂ ಬೇಗ ಖಾಲಿಯಾಗುತ್ತದೆ. "ಮಳೆನೀರು ಡಿಸ್ಟಿಲ್ಡ್ ನೀರೇ ತಾನೇ?" ಕಡಲತೀರದ ಮಳೆಯಲ್ಲಿ ಸಮುದ್ರದ ಉಪ್ಪು, ಹೆಂಚಿನಿಂದ ಇಳಿಯುವಾಗ ಧೂಳು ಸೇರಿರುತ್ತದೆ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ಅಥವಾ ಬ್ಯಾಟರಿಗೆಂದೇ ಮಾರುವ ಡಿಮಿನರಲೈಸ್ಡ್ ನೀರು ಮಾತ್ರ ಹಾಕಿ. ಮಟ್ಟ ಇಳಿದಾಗ ಆಸಿಡ್ ಸುರಿಯುವುದು ಇನ್ನೂ ದೊಡ್ಡ ತಪ್ಪು. ಆವಿಯಾಗಿ ಹೋದದ್ದು ನೀರು, ಆಸಿಡ್ ಒಳಗೇ ಇದೆ.

"ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ" ಎಂಬ ನಂಬಿಕೆ ಮರ, ರಬ್ಬರ್ ಡಬ್ಬಗಳ ಕಾಲದ್ದು. ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಅದು ಅನ್ವಯಿಸುವುದಿಲ್ಲ. ಬ್ಯಾಟರಿ ಎಲ್ಲಿಟ್ಟರೂ ತಾನಾಗಿ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಸೆಕೆಯಲ್ಲಿ ಬೇಗ.

ಮಳೆಗಾಲದ ವಿರಾಮ

ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ನಮ್ಮಲ್ಲಿ ಮಣ್ಣಿನ ಕೆಲಸ ಜೂನ್‌ನಲ್ಲಿ ನಿಲ್ಲುತ್ತದೆ. ಟ್ರೇಲರ್ ಹಟ್ಟಿಯ ಪಕ್ಕ ಮೂರು ತಿಂಗಳು ನಿಲ್ಲುತ್ತದೆ. ಅರ್ಧ ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟ್‌ಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಕಟ್ಟುತ್ತದೆ, ಮತ್ತೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಬಳಸಿ ಹಾಳಾದ ಬ್ಯಾಟರಿಗಳಷ್ಟೇ ಹೀಗೆ ಬಳಸದೆ ಹಾಳಾದವೂ ಸಿಗುತ್ತವೆ. ಪೂರ್ತಿ ತುಂಬಿಸಿ, ನೆಗೆಟಿವ್ ಮೊದಲು ಬಿಚ್ಚಿ, ಬ್ಯಾಟರಿಯನ್ನು ಒಳಗೆ ತಂದಿಡಿ. ತಿಂಗಳಿಗೊಮ್ಮೆ ಒಂದು ರಾತ್ರಿ ಚಾರ್ಜರ್‌ಗೆ ಹಾಕಿ. ಟ್ರೇಲರ್‌ನಲ್ಲೇ ಉಳಿಯುವ ಕೇಬಲ್ ತುದಿಗಳನ್ನು ಉಜ್ಜಿ ಪೆಟ್ರೋಲಿಯಂ ಜೆಲ್ಲಿ ಸವರಿ, ಪ್ಲಾಸ್ಟಿಕ್ ಚೀಲ ಕಟ್ಟಿ. ಜೆಲ್ಲಿ ಸವರುವುದು ಬೋಲ್ಟ್ ಬಿಗಿದ ಜಾಯಿಂಟ್‌ನ ಹೊರಗಡೆ, ಮುಟ್ಟುವ ಮುಖಗಳ ನಡುವೆ ದಪ್ಪಗೆ ತುಂಬುವುದಲ್ಲ. ಮಳೆ ಬಿಟ್ಟ ಮೇಲೆ ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಮೊದಲ ಲೋಡಿಗೇ ಮೀಟರ್ ಹಿಡಿದು ಎರಡೂ ಕಡೆಯ ನಷ್ಟ ಬರೆದಿಟ್ಟುಕೊಳ್ಳಿ, ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.